ಎಡಿನ್‌ಬರೋದ ಜನರಲ್ ಅಸೆಂಬ್ಲಿಯಲ್ಲಿ ನನ್ನದೊಂದು ಮತ

ಎಲ್ಲರಿಗೂ ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವ ಜೋಡಿ ಗೋಪುರಗಳು ಎಡಿನ್‌ಬರೋದ ಮೌಂಡ್ ದಿಬ್ಬದ ಮೇಲಿರುವ ನ್ಯೂ ಕಾಲೇಜಿನವು. ಅವುಗಳ ನಡುವಿನ ಕಮಾನನ್ನು ದಾಟಿ, ಸ್ಕಾಟಿಷ್ ಧರ್ಮಸುಧಾರಕ ಜಾನ್ ನಾಕ್ಸ್‌ನ ಪ್ರತಿಮೆಯಿರುವ ಅಂಗಳವನ್ನು ಹಾದು ಮೆಟ್ಟಿಲೇರಿದರೆ ಅಸೆಂಬ್ಲಿ ಹಾಲ್ ಸಿಗುತ್ತದೆ. ಪ್ರತಿವರ್ಷ ಮೇ ತಿಂಗಳಲ್ಲಿ ಚರ್ಚ್ ಆಫ್ ಸ್ಕಾಟ್‌ಲೆಂಡಿನ ಅತ್ಯುನ್ನತ ಆಡಳಿತ ಸಭೆಯಾದ ಜನರಲ್ ಅಸೆಂಬ್ಲಿ ಸೇರುವುದು ಇಲ್ಲಿಯೇ. ಈ ಬಾರಿ ನಮ್ಮ ಪ್ರದೇಶದ ಸಭೆಗಳ ಮಂಡಳಿಯಾದ ಪ್ರೆಸ್ಬಿಟರಿಯು ಕಳುಹಿಸಿದ ಕಮಿಷನರ್‌ಗಳಲ್ಲಿ, ಅಂದರೆ ಮತದ ಹಕ್ಕುಳ್ಳ ಸದಸ್ಯರಲ್ಲಿ, ನಾನೂ ಒಬ್ಬನಾಗಿದ್ದೆ. ಕಲಾಪ ನಡೆಯುವಾಗ ಕ್ಯಾಮೆರಾ ಹಿಡಿದು ಕೂರುವುದು ನನಗೆ ಸರಿಕಾಣಲಿಲ್ಲ; ಆದ್ದರಿಂದ ಒಳಗಿನದನ್ನೆಲ್ಲ ಮಾತಿನಲ್ಲಿಯೇ ವಿವರಿಸುತ್ತೇನೆ.

ಮಂಗಳೂರಿನ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಯಲ್ಲಿ ಬೆಳೆದವನಿಗೆ ಇಲ್ಲಿ ಮೊದಲು ಹೊಸತೆನಿಸುವುದು ಬಿಷಪ್ಪರಿಲ್ಲದ ಆಡಳಿತ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಬಿಷಪ್ಪರ ಬದಲು ಹಿರಿಯರ ಮಂಡಳಿಗಳು ಆಳುವ ಪ್ರೆಸ್ಬಿಟೇರಿಯನ್ ಪದ್ಧತಿಯ ಮೂಲದವರೂ ಅದರಲ್ಲಿ ಸೇರಿಕೊಂಡಿದ್ದರಾದರೂ ಬಿಷಪ್ ಪದವಿ ಆ ಐಕ್ಯದ ಭಾಗವಾಗಿಯೇ ಉಳಿಯಿತು. ಸ್ಕಾಟ್‌ಲೆಂಡಿನಲ್ಲಿ ಹಾಗಲ್ಲ. ಪ್ರತಿಯೊಂದು ಸ್ಥಳೀಯ ಸಭೆಗೆ ಕರ್ಕ್ ಸೆಷನ್ ಎಂಬ ಹಿರಿಯರ ಮಂಡಳಿ, ಹಲವು ಸಭೆಗಳಿಗೆ ಸೇರಿ ಪ್ರೆಸ್ಬಿಟರಿ, ಎಲ್ಲದರ ಮೇಲೆ ಜನರಲ್ ಅಸೆಂಬ್ಲಿ. ಅಧ್ಯಕ್ಷತೆ ವಹಿಸುವ ಮಾಡರೇಟರ್ ಒಂದು ವರ್ಷದ ಮಟ್ಟಿಗೆ ಮಾತ್ರ ಆ ಸ್ಥಾನದಲ್ಲಿರುತ್ತಾರೆ. ಸಭಾಪಾಲಕರಿಗೂ ನನ್ನಂಥ ಹಿರಿಯರಿಗೂ ಮತದ ಬೆಲೆ ಒಂದೇ.

ಮಾಡರೇಟರ್ ಅವರ ಪೀಠದ ಮೇಲ್ಗಡೆ ಅರಸರ ಪ್ರತಿನಿಧಿಯಾದ ಲಾರ್ಡ್ ಹೈ ಕಮಿಷನರ್ ಕುಳಿತುಕೊಳ್ಳುವ ಗ್ಯಾಲರಿಯಿದೆ. ನಿಯಮದ ಪ್ರಕಾರ ಆ ಗ್ಯಾಲರಿ ಅಸೆಂಬ್ಲಿಯ ಹೊರಗಿನ ಜಾಗ. ಅಲ್ಲಿ ಕುಳಿತವರಿಗೆ ಮತವಿಲ್ಲ. ಇದಕ್ಕೆ ಹಿಂದಿನ ಕಥೆಯೊಂದಿದೆ. ಸಭಾಪಾಲಕರನ್ನು ನೇಮಿಸುವ ಹಕ್ಕು ಜಮೀನುದಾರರ ಕೈಯಲ್ಲಿ ಇರಬೇಕೇ, ಅದರಲ್ಲಿ ಪ್ರಭುತ್ವ ಕೈಹಾಕಬಹುದೇ ಎಂಬ ವಿವಾದದಿಂದಾಗಿ 1843ರ ಮೇ 18ರಂದು ಅಸೆಂಬ್ಲಿಯಿಂದಲೇ ಹೊರನಡೆದವರು, ಥಾಮಸ್ ಚಾಮರ್ಸ್ ಅವರ ಮುಂದಾಳತ್ವದಲ್ಲಿ ಫ್ರೀ ಚರ್ಚ್ ಕಟ್ಟಿದರು. ಈ ಸಭಾಂಗಣ ಎದ್ದದ್ದು ಅವರಿಗಾಗಿ. 1929ರಲ್ಲಿ ಅವರ ಪರಂಪರೆಯ ಬಹುಪಾಲು ಜನ ಚರ್ಚ್ ಆಫ್ ಸ್ಕಾಟ್‌ಲೆಂಡಿನೊಂದಿಗೆ ಮತ್ತೆ ಒಂದಾದ ನಂತರ ಅದು ಎಲ್ಲರದಾಯಿತು. ಪ್ರಭುತ್ವದ ಹಸ್ತಕ್ಷೇಪ ಬೇಡವೆಂದು ಎದ್ದುಹೋದವರ ಕಟ್ಟಡದಲ್ಲಿಯೇ ಇಂದು ಅರಸರ ಪ್ರತಿನಿಧಿಗೆ ಆಸನವಿರುವುದು ನನಗಂತೂ ಸ್ವಾರಸ್ಯವೆನಿಸಿತು.

ಇನ್ನು ಮತದಾನದ ವಿಷಯ. ಪ್ರತಿಯೊಂದು ಸಮಿತಿಯ ವರದಿಯೂ ಮುಂಚಿತವಾಗಿಯೇ ನಮ್ಮ ಕೈಸೇರುತ್ತದೆ. ವರದಿಯ ಜೊತೆಗೆ ಡೆಲಿವರೆನ್ಸ್ ಎಂದು ಕರೆಯುವ, ಕ್ರಮಸಂಖ್ಯೆಯಿರುವ ನಿರ್ಣಯಗಳಿರುತ್ತವೆ; ನಾವು ಒಪ್ಪುವುದೋ ತಿದ್ದುವುದೋ ಅವುಗಳನ್ನು. ಬಹುಪಾಲು ನಿರ್ಣಯಗಳು ವಿರೋಧವಿಲ್ಲದೆ ಸಾಗಿಬಿಡುತ್ತವೆ. ಯಾರಾದರೂ ತಿದ್ದುಪಡಿ ತಂದಾಗ ಮಾತ್ರ ಸಭಾಂಗಣದ ಕಿವಿ ನೆಟ್ಟಗಾಗುತ್ತದೆ.

ನಾನು ಹೆಚ್ಚು ತೂಗಿನೋಡಿ ಹಾಕಿದ ಮತ ಕಟ್ಟಡಗಳಿಗೆ ಸಂಬಂಧಿಸಿದ್ದು. 1950ರ ದಶಕದಲ್ಲಿ ಈ ಚರ್ಚಿನ ಸದಸ್ಯರು ಸುಮಾರು 13 ಲಕ್ಷ ಇದ್ದರು. ಈಗ ಆ ಸಂಖ್ಯೆ 3 ಲಕ್ಷಕ್ಕಿಂತ ಕೆಳಗಿಳಿದಿದೆ. ದೇವಾಲಯಗಳು ಮಾತ್ರ ಹಳೆಯ ಸಂಖ್ಯೆಗೆ ತಕ್ಕಂತೆ ಕಟ್ಟಿದವು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಮಾರಬೇಕು ಎಂಬ ತೀರ್ಮಾನಕ್ಕೆ ಇನ್ನಷ್ಟು ಕಾಲಾವಕಾಶ ಕೊಡಬೇಕೆಂಬ ತಿದ್ದುಪಡಿ ಚರ್ಚೆಗೆ ಬಂದಿತು. ನಮ್ಮ ಸಭೆಯವರ ಆಸೆಯೂ ಅದೇ ಆಗಿತ್ತು. ಆದರೆ ದ್ವೀಪವೊಂದರಿಂದ ಬಂದಿದ್ದ ಸಭಾಪಾಲಕಿಯೊಬ್ಬರು ಎದ್ದುನಿಂತು, ತೀರ್ಮಾನ ಮುಂದಕ್ಕೆ ಹೋದಷ್ಟು ಕಾಲವೂ ಸೋರುವ ಛಾವಣಿಗೆ ದುಡ್ಡು ಸುರಿಯಬೇಕಾದವರು ಬೆರಳೆಣಿಕೆಯ ಸದಸ್ಯರಿರುವ ಸಣ್ಣ ಸಭೆಗಳವರೇ ಎಂದು ಬಿಡಿಸಿ ಹೇಳಿದರು. ನಾನು ತಿದ್ದುಪಡಿಯ ವಿರುದ್ಧ ಗುಂಡಿ ಒತ್ತಿದೆ. ತಿದ್ದುಪಡಿ ಬಿದ್ದುಹೋಯಿತು.

ಊರಿನವರ ಇಷ್ಟಕ್ಕೆ ವಿರುದ್ಧವಾಗಿ ಮತ ಹಾಕಬಹುದೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಹಾಕಬಹುದು. ಕಮಿಷನರ್ ಯಾರ ಆದೇಶವನ್ನೂ ಹೊತ್ತು ಹೋಗುವವನಲ್ಲ. ಚರ್ಚೆಯನ್ನು ಕೇಳಿ, ಪ್ರಾರ್ಥಿಸಿ, ತನ್ನ ಮನಸ್ಸಾಕ್ಷಿಗೆ ಸರಿಕಂಡಂತೆ ಮತ ಹಾಕಬೇಕಾದವನು. ಕೇಳಿ ಮನಸ್ಸು ಬದಲಿಸುವ ಸ್ವಾತಂತ್ರ್ಯವೇ ಇಲ್ಲದಿದ್ದರೆ ಇಷ್ಟು ಜನ ಒಂದೆಡೆ ಸೇರುವ ಖರ್ಚು ಏತಕ್ಕೆ, ಮತಗಳನ್ನು ಅಂಚೆಯಲ್ಲಿ ಕಳುಹಿಸಿದರೂ ನಡೆಯುತ್ತಿತ್ತು.

ಹಾಗೆಂದು ಅಸೆಂಬ್ಲಿ ಒಂದೇ ಮಧ್ಯಾಹ್ನದ ಉತ್ಸಾಹದಲ್ಲಿ ಏನು ಬೇಕಾದರೂ ಮಾಡಿಬಿಡುವಂತಿಲ್ಲ. ಬೋಧನೆ, ಆರಾಧನೆ, ಶಿಸ್ತು, ಆಡಳಿತ ಇವುಗಳಲ್ಲಿ ಮೂಲಭೂತ ಬದಲಾವಣೆ ತರಬೇಕಾದರೆ 1697ರ ಬ್ಯಾರಿಯರ್ ಆಕ್ಟ್ ಪ್ರಕಾರ ಪ್ರಸ್ತಾವವನ್ನು ಪ್ರೆಸ್ಬಿಟರಿಗಳಿಗೆ ಕಳುಹಿಸಿ, ಅವುಗಳಲ್ಲಿ ಬಹುಮತ ಒಪ್ಪಿದ ಮೇಲೆಯೇ ಮುಂದಿನ ಅಸೆಂಬ್ಲಿ ಅದನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. ಸಲಿಂಗ ವಿವಾಹವನ್ನು ನೆರವೇರಿಸಲು ಇಚ್ಛಿಸುವ ಸಭಾಪಾಲಕರಿಗೆ ಅನುಮತಿ ಕೊಡುವ ಪ್ರಸ್ತಾವ ನಡೆದುಬಂದದ್ದು ಇದೇ ದಾರಿಯಲ್ಲಿ. 29 ಪ್ರೆಸ್ಬಿಟರಿಗಳು ಅದರ ಪರ, 12 ವಿರುದ್ಧ ನಿಂತವು. ಆಮೇಲೆ 2022ರ ಮೇ ತಿಂಗಳಲ್ಲಿ ಅಸೆಂಬ್ಲಿಯು 274ಕ್ಕೆ 136 ಮತಗಳಿಂದ ಅದನ್ನು ಅಂಗೀಕರಿಸಿತು. ಮನಸ್ಸಿಲ್ಲದ ಸಭಾಪಾಲಕರ ಮೇಲೆ ಒತ್ತಾಯವಿಲ್ಲ ಎಂಬ ಷರತ್ತೂ ಅದರಲ್ಲಿತ್ತು. ಫಲಿತಾಂಶವನ್ನು ಒಪ್ಪುವವರಿಗೂ ಒಪ್ಪದವರಿಗೂ ಯೋಚಿಸಲು ಸಮಯ ಸಿಕ್ಕಿತ್ತೆಂಬುದೇ ಈ ನಿಧಾನದ ಲಾಭವೆಂದು ನಾನು ತಿಳಿದಿದ್ದೇನೆ. ಸೋತವರು ತಮ್ಮ ಭಿನ್ನಮತವನ್ನು ದಾಖಲೆಯಲ್ಲಿ ಬರೆಸಲು ಅವಕಾಶವಿದೆ. ಅದನ್ನು ಯಾರೂ ಅಪಮಾನವೆಂದು ಎಣಿಸುವುದಿಲ್ಲ.

ಮುಂದಿನ ವಾರ ನಮ್ಮ ಹಿರಿಯರ ಮಂಡಳಿಗೆ ನಾನು ವರದಿ ಒಪ್ಪಿಸಬೇಕಾಗಿದೆ. ಕಟ್ಟಡದ ವಿಷಯದಲ್ಲಿ ಅವರ ಆಸೆಯಂತೆ ಏಕೆ ನಡೆಯಲಿಲ್ಲವೆಂದು ಅವರು ಕೇಳಿಯೇ ಕೇಳುತ್ತಾರೆ. ಆ ದ್ವೀಪದ ಸಭಾಪಾಲಕಿಯ ವಾದವನ್ನು ಅಂದೇ ಟಿಪ್ಪಣಿ ಮಾಡಿಕೊಂಡಿದ್ದೇನೆ. ಅದನ್ನು ಮೊದಲು ಅವರ ಮುಂದಿಟ್ಟು, ಆಮೇಲೆ ನನ್ನ ಮತ ಯಾವುದೆಂದು ತಿಳಿಸುತ್ತೇನೆ.