ಮೋಟಾರ್ ಓಡುವಾಗಲೇ ಅಳೆಯಿರಿ

(ಕೋಲಾರದಲ್ಲಿ ರೈತರು, ಪಂಪ್ ಮೆಕ್ಯಾನಿಕ್‌ಗಳು ಮತ್ತು ಐಟಿಐ ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಬೇಸಿಗೆ ಬಂತೆಂದರೆ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ನಮ್ಮ ಜಿಲ್ಲೆಯ ರೀವೈಂಡಿಂಗ್ ಅಂಗಡಿಗಳ ಮುಂದೆ ಸುಟ್ಟ ಮೋಟಾರ್‌ಗಳು ಸಾಲುಗಟ್ಟುತ್ತವೆ. ಯಾಕೆ ಸುಟ್ಟಿತು ಅಂದರೆ ಎಲ್ಲರದೂ ಒಂದೇ ಉತ್ತರ: "ಲೋ ವೋಲ್ಟೇಜ್ ಸಾರ್." ಎಷ್ಟು ವೋಲ್ಟ್ ಇತ್ತು, ಎಷ್ಟು ಆಂಪ್ ಎಳೆಯುತ್ತಿತ್ತು ಅಂದರೆ ಉತ್ತರ ಇಲ್ಲ. ಆ ಎರಡು ಅಂಕಿ ಕೈಲಿದ್ದರೆ ದಾರಿಯಲ್ಲಿ ಎಷ್ಟು ಓಮ್ ಕೂತಿದೆ, ಎಷ್ಟು ವ್ಯಾಟ್ ಸುಮ್ಮನೆ ಬಿಸಿಯಾಗಿ ಹೋಗುತ್ತಿದೆ ಎಂದು ತಿಳಿಯುತ್ತದೆ. ಅದನ್ನು ಹೇಳೋಣ ಅಂತಲೇ ಬಂದಿದ್ದೇನೆ.

ಸೂತ್ರ ನಿಮಗೆ ಗೊತ್ತಿರುವುದೇ. ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ಓಮ್, ಗುಣಿಸಿದರೆ ವ್ಯಾಟ್. 230 ವೋಲ್ಟಿನ 1000 ವ್ಯಾಟ್ ಹೀಟರ್ 4.35 ಆಂಪ್ ಎಳೆಯುತ್ತದೆ. ಅದರ ರೆಸಿಸ್ಟೆನ್ಸ್ 53 ಓಮ್. ವೋಲ್ಟೇಜ್ 180ಕ್ಕೆ ಇಳಿದರೆ? 180ನ್ನು 180ರಿಂದಲೇ ಗುಣಿಸಿ 53ರಿಂದ ಭಾಗಿಸಿ, 611 ವ್ಯಾಟ್. ವೋಲ್ಟೇಜ್ ಐದರಲ್ಲಿ ಒಂದು ಪಾಲು ಇಳಿದರೆ ಬಿಸಿ ಐದರಲ್ಲಿ ಎರಡು ಪಾಲು ಇಳಿಯುತ್ತದೆ. ಸ್ನಾನದ ನೀರು ಯಾಕೆ ಕಾಯಲಿಲ್ಲ ಅಂತ ಮನೆಯಲ್ಲಿ ಜಗಳ ಆಗುವ ಮುಂಚೆ ಈ ಲೆಕ್ಕ ಮಾಡಿ ನೋಡಿ.

ಹೀಟರ್‌ಗೆ ಇಷ್ಟು ಸಾಕು, ಬಲ್ಬಿಗೆ ಸಾಲದು. 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬಿಗೆ ಲೆಕ್ಕದಲ್ಲಿ 529 ಓಮ್. ಕಳಚಿ ಮಲ್ಟಿಮೀಟರ್ ಇಟ್ಟರೆ 40 ಓಮ್ ಆಸುಪಾಸು ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ. ಬಲ್ಬ್ ತಣ್ಣಗಿದೆ, ಅಷ್ಟೇ. ತಂತಿ ಕಾದು ಬೆಳಗುವಾಗ ರೆಸಿಸ್ಟೆನ್ಸ್ ಹತ್ತು ಪಟ್ಟಿಗೂ ಮೀರುತ್ತದೆ. ಮೋಟಾರ್ ವೈಂಡಿಂಗ್ ವಿಷಯ ಇನ್ನೂ ಬೇರೆ. ಮೀಟರಿನಲ್ಲಿ ಎರಡೇ ಓಮ್ ಬಂತು, ಹಾಗಾದರೆ ನೂರಕ್ಕೂ ಹೆಚ್ಚು ಆಂಪ್ ಎಳೆಯಬೇಕಲ್ಲ ಎಂದು ಹುಡುಗರು ಕೇಳುತ್ತಾರೆ. ಓಡುವ ಮೋಟಾರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ನಿಂತ ಮೋಟಾರಿನ ಓಮ್ ನೋಡಿ ಓಡುವ ಮೋಟಾರಿನ ಆಂಪ್ ಹೇಳಲಾಗದು. ಅದಕ್ಕೇ ನನ್ನದು ಒಂದೇ ಮಾತು: ಓಡುವಾಗ ಅಳೆಯಿರಿ.

ಈಗ ಬೋರ್‌ವೆಲ್ಲಿಗೆ ಬರೋಣ. ಏಳೂವರೆ ಎಚ್‌ಪಿ ತ್ರೀ ಫೇಸ್ ಸಬ್‌ಮರ್ಸಿಬಲ್, ಪ್ಲೇಟಿನ ಮೇಲೆ 415 ವೋಲ್ಟ್, 13 ಆಂಪ್. ಸಾವಿರ ಅಡಿ ಆಳ, ಅಂದರೆ 300 ಮೀಟರ್. ಕೇಬಲ್ 4 ಸ್ಕ್ವೇರ್ ತಾಮ್ರ, ಅಂದರೆ ತಂತಿಯ ದಪ್ಪ 4 ಚದರ ಮಿಲಿಮೀಟರ್. ಮೋಟಾರ್ ನಿಂತಾಗ ಸ್ಟಾರ್ಟರಿನಲ್ಲಿ ಎರಡು ಫೇಸ್ ನಡುವೆ 410 ವೋಲ್ಟ್. "ಫುಲ್ ವೋಲ್ಟೇಜ್ ಇದೆ" ಎಂದು ಸ್ವಿಚ್ ಒತ್ತುತ್ತೀರಿ. ಓಡುವಾಗ ನೋಡಿ: 355 ವೋಲ್ಟ್, ತಂತಿಯ ಸುತ್ತ ಹಿಡಿದು ಆಂಪ್ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ 16 ಆಂಪ್.

ಕುಸಿದದ್ದು 55 ವೋಲ್ಟ್. ತ್ರೀ ಫೇಸ್ ಆದ್ದರಿಂದ 1.73ರಿಂದ ಭಾಗಿಸಿ, 32 ವೋಲ್ಟ್. ಅದನ್ನು 16ರಿಂದ ಭಾಗಿಸಿದರೆ 2 ಓಮ್. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ನಿಮ್ಮ ಸ್ಟಾರ್ಟರಿನವರೆಗೆ ಪ್ರತಿ ಫೇಸಿನಲ್ಲೂ ಇಷ್ಟು ಕೂತಿದೆ. ಪವರ್ ಫ್ಯಾಕ್ಟರ್ (ವೋಲ್ಟೇಜಿಗಿಂತ ಕರೆಂಟ್ ಹಿಂದೆ ಬೀಳುವ ಲೆಕ್ಕ) ಹಿಡಿದರೆ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ರೋಗ ಹಿಡಿಯಲು ಇಷ್ಟು ಸಾಕು. ಕೆಳಗೆ ಇಳಿದ 4 ಸ್ಕ್ವೇರ್ ಕೇಬಲ್ಲಿಗೆ ಕಿಲೋಮೀಟರಿಗೆ ಸುಮಾರು 5 ಓಮ್. 300 ಮೀಟರಿಗೆ ಒಂದೂವರೆ. ತಂತಿಯಲ್ಲಿ ಬಿಸಿಯಾಗಿ ಹೋಗುವ ವ್ಯಾಟ್ ಅಂದರೆ ಆಂಪನ್ನು ಆಂಪಿನಿಂದಲೇ ಗುಣಿಸಿ, ಮತ್ತೆ ಓಮಿನಿಂದ ಗುಣಿಸಿದಷ್ಟು. 16ನ್ನು 16ರಿಂದ, ಒಂದೂವರೆಯಿಂದ, ಮೂರು ತಂತಿಗಾಗಿ ಮೂರರಿಂದ ಗುಣಿಸಿ: 1152 ವ್ಯಾಟ್. ಒಂದೂವರೆ ಎಚ್‌ಪಿ ನೀರೆತ್ತದೆ ಕೇಬಲ್ ಕಾಯಿಸುತ್ತಿದೆ! 6 ಸ್ಕ್ವೇರ್ ಹಾಕಿದ್ದರೆ 768 ವ್ಯಾಟ್, 10 ಸ್ಕ್ವೇರ್ ಹಾಕಿದ್ದರೆ 460.

ಹೀಟರ್ ವೋಲ್ಟೇಜ್ ಇಳಿದರೆ ಕಡಿಮೆ ಎಳೆಯುತ್ತದೆ, ಪಂಪ್ ಹೆಚ್ಚು ಎಳೆಯುತ್ತದೆ. ನೀರಿನ ಭಾರ ಅಷ್ಟೇ ಇರುತ್ತದಲ್ಲ. 13ರ ಜಾಗದಲ್ಲಿ 16 ಆಂಪ್ ಹರಿದರೆ ವೈಂಡಿಂಗ್ ಬಿಸಿ ಒಂದೂವರೆ ಪಟ್ಟು. ಆಂಪ್ ಮಿತಿ ಮೀರಿದಾಗ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಬಿದ್ದರೆ ಅದರ ಕೆಲಸ ಅದು ಮಾಡಿದೆ. ತಿರುಪನ್ನು 18ಕ್ಕೆ ಏರಿಸಿ ಬರುವವರಿದ್ದಾರೆ, ದಯವಿಟ್ಟು ಬೇಡ. ಮೋಟಾರ್ ಉಳಿಸುವ ಒಂದೇ ಕಾವಲು ಅದು.

ಇದೇ ಲೆಕ್ಕ ನಮ್ಮ ಜಿಲ್ಲೆಗೆ ಕರೆಂಟ್ ತಂದಿತು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್ ಗಣಿಗಳಿಗೆ ವಿದ್ಯುತ್ ಕೊಟ್ಟರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಯೋಜನೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ನಮ್ಮ ಗಣಿಗಳ ನಂತರ. ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. 3000 ಕಿಲೋವ್ಯಾಟ್ ಕಳಿಸಬೇಕು ಅಂತ ಇಟ್ಟುಕೊಳ್ಳಿ. 400 ವೋಲ್ಟಿನಲ್ಲಿ ಕಳಿಸಿದರೆ 4330 ಆಂಪ್. ಅಷ್ಟನ್ನು ಹೊರುವ ತಾಮ್ರ ಯಾರು ಕೊಡುತ್ತಾರೆ? ಅವರು ಹಿಡಿದದ್ದು 30 ಸಾವಿರ ವೋಲ್ಟ್ ಆಸುಪಾಸಿನ ದಾರಿ. ಆಗ 58 ಆಂಪ್ ಸಾಕು. ಆಂಪ್ 75 ಪಟ್ಟು ಇಳಿಯಿತು. ನಷ್ಟ 75ನ್ನು 75ರಿಂದ ಗುಣಿಸಿದಷ್ಟು, ಅಂದರೆ 5600 ಪಟ್ಟು ಇಳಿಯಿತು. ಕಾವೇರಿ ಕಣಿವೆಯಿಂದ ಗಣಿಯ ಬಾಯಿಗೆ ಶಕ್ತಿ ತಲುಪಿದ್ದು ಈ ಗುಣಾಕಾರದಿಂದ. ಆ ನೆಲದಲ್ಲಿ ನಿಂತು ಕೇಬಲ್ ಸೈಜನ್ನು ಅಂದಾಜಿನಲ್ಲಿ ಆರಿಸುವುದು ಬೇಡ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಉಳಿದದ್ದು ಬೇಗ ಹೇಳುತ್ತೇನೆ. ಕ್ಲ್ಯಾಂಪ್ ಒಳಗೆ ಒಂದೇ ತಂತಿ ಇರಲಿ. ಮೂರನ್ನೂ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ. ಮೂರು ಫೇಸನ್ನೂ ಒಂದೊಂದಾಗಿ ನೋಡಿ. ಓಮ್ ಅಳೆಯುವಾಗ ಮೇನ್ ಆಫ್, ಮೀಟರಿನ ಎರಡು ಮುಳ್ಳು ಮುಟ್ಟಿಸಿದಾಗ ಬರುವ ಅಂಕಿಯನ್ನು ಕಳೆಯಿರಿ. ಆಂಪ್ ಸೆಟ್ಟಿಂಗಿನಲ್ಲಿ ಮಲ್ಟಿಮೀಟರನ್ನು ಎರಡು ಫೇಸಿಗೆ ಎಂದೂ ಇಡಬೇಡಿ, ಕೈಯಲ್ಲೇ ಸಿಡಿಯುತ್ತದೆ.

ಇನ್ನೊಂದು, ಇದು ಬಿಡುವಂತಿಲ್ಲ. ಪಂಪ್ ಓಡುವಾಗ ಸ್ಟಾರ್ಟರ್ ಕಾಂಟ್ಯಾಕ್ಟಿನ ಆಚೆ ಈಚೆ ಮುಳ್ಳು ಇಟ್ಟು ವೋಲ್ಟ್ ನೋಡಿ. ಮಿಲಿವೋಲ್ಟ್‌ಗಳಲ್ಲಿ ಇರಬೇಕು. 2 ವೋಲ್ಟ್ ಬಂದರೆ, 16 ಆಂಪಿಗೆ, ಅಲ್ಲಿ 32 ವ್ಯಾಟ್ ಬಿಸಿ. ಸೋಲ್ಡರಿಂಗ್ ಐರನ್ನಿನಷ್ಟು, ಕಡಲೆಕಾಳು ಗಾತ್ರದ ಜಾಗದಲ್ಲಿ. ಆ ಕಾಂಟ್ಯಾಕ್ಟ್ ಸುಟ್ಟು ಒಂದು ಫೇಸ್ ಹೋದರೆ ಮೋಟಾರಿನ ಕಥೆ ಅಲ್ಲಿಗೆ ಮುಗಿಯಿತು. ಈ ಅಳತೆಯನ್ನು ಕೆಲಸ ಬಲ್ಲ ಮೆಕ್ಯಾನಿಕ್ ಮಾತ್ರ ಮಾಡಲಿ, 600 ವೋಲ್ಟ್ ಕ್ಯಾಟ್-3 ಎಂಬ ಸುರಕ್ಷತಾ ದರ್ಜೆ ಬರೆದಿರುವ ಮೀಟರಿನಿಂದ.

ಬೋರ್ ಆಳ, ಕೇಬಲ್ ಸೈಜ್, ಓಡುವಾಗಿನ ವೋಲ್ಟ್, ಆಂಪ್ ಬರೆದು ತಂದವರು ಚೀಟಿ ಹಿಡಿದು ಮುಂದೆ ಬನ್ನಿ. ಬೋರ್ಡಿನ ಮೇಲೇ ಲೆಕ್ಕ ಹಾಕೋಣ.