ಇಲೆವೆನ್ ಪ್ಲಸ್ ಹೋಯ್ತು ಅಂತ ಕೂರ್ಬೇಡಿ, ಹದಿನಾರಕ್ಕೆ ಇನ್ನೊಂದು ಬಾಗಿಲಿದೆ

(ಅಕ್ಟೋಬರ್ ರಜೆಯಲ್ಲಿ ಲಂಡನ್ ಸುತ್ತಮುತ್ತಲ ಕನ್ನಡ ಕುಟುಂಬಗಳು ಸೇರಿದಾಗ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಊಟ ಒಂದೂವರೆಗೆ ಅಂದಿದಾರೆ, ಬಿಸಿಬೇಳೆಬಾತಿನ ಘಮ ಆಗ್ಲೇ ಈ ಕಡೆ ಬರ್ತಿದೆ, ಅದಕ್ಕೆ ಪೀಠಿಕೆ ಬೇಡ. ಇಯರ್ ಟೆನ್, ಇಯರ್ ಇಲೆವೆನ್, ಅಂದ್ರೆ ಹದಿನಾಲ್ಕರಿಂದ ಹದಿನಾರರ ವಯಸ್ಸಿನ ತರಗತಿಗಳ ಮಕ್ಕಳಿರೋ ಅಪ್ಪ ಅಮ್ಮಂದಿರೇ ಇಲ್ಲಿ ಜಾಸ್ತಿ ಅಂತ ಗೊತ್ತು. ಸಿಕ್ಸ್ತ್ ಫಾರ್ಮ್ ಅಂದ್ರೆ ಹದಿನಾರಾದ ಮೇಲಿನ ಎರಡು ವರ್ಷದ ಎ ಲೆವೆಲ್ ಓದು. ಇದು ಅದರ ಓಪನ್ ಈವ್ನಿಂಗ್‌ಗಳ, ಶಾಲೆ ನೋಡೋಕೆ ಕರೆಯೋ ಸಂಜೆಗಳ, ಸೀಸನ್, ಇನ್ನು ಕೆಲವೇ ವಾರದಲ್ಲಿ ಅರ್ಜಿ ಹಾಕ್ಬೇಕು, ಅದಕ್ಕೇ ಈ ಮಾತು ಇವತ್ತೇ ಆಡ್ಬೇಕು ಅಂತ ನಾನೇ ಹಟ ಮಾಡಿ ಟೈಮ್ ಕೇಳ್ಕೊಂಡೆ.

ನನಗೆ ಹೇಳೋಕಿರೋದು ಒಂದೇ. ಹತ್ತು ವರ್ಷದ ಮಗು ಇಲೆವೆನ್ ಪ್ಲಸ್‌ನಲ್ಲಿ, ಅಂದ್ರೆ ಮಕ್ಕಳನ್ನ ಆಯ್ದು ತಗೊಳ್ಳೋ ಗ್ರಾಮರ್ ಅನ್ನೋ ಸರ್ಕಾರಿ ಶಾಲೆಗಳ ಪ್ರವೇಶ ಪರೀಕ್ಷೆಲಿ, ನಾಲ್ಕು ಮಾರ್ಕಲ್ಲಿ ತಪ್ಪಿಸ್ಕೊಂಡ್ರೆ ನಮ್ಮ ಮನೆಗಳಲ್ಲಿ ಸೂತಕ ಬಂದ ಹಾಗೆ ಕೂತ್ಬಿಡ್ತೀವಿ, ಆಮೇಲೆ ಐದು ವರ್ಷ ಆ ವಿಷಯ ಎತ್ತಲ್ಲ, ಆದ್ರೆ ಅದೇ ಗ್ರಾಮರ್ ಶಾಲೆಗಳು ಹದಿನಾರನೇ ವಯಸ್ಸಿಗೆ, ಇಯರ್ ಟ್ವೆಲ್ವ್‌ಗೆ, ಹೊರಗಿನ ಮಕ್ಕಳನ್ನ ಮತ್ತೆ ತಗೋತವೆ. ಆಗ ಇಲೆವೆನ್ ಪ್ಲಸ್ ಮಾರ್ಕ್ಸ್ ಯಾರೂ ಕೇಳಲ್ಲ. ಇಯರ್ ಇಲೆವೆನ್ ಕೊನೇಲಿ ಬರೆಯೋ ಜಿಸಿಎಸ್‌ಇ ಪರೀಕ್ಷೆಯ ಗ್ರೇಡ್ ನೋಡ್ತಾರೆ, ಅದರಲ್ಲಿ 9 ಎಲ್ಲಕ್ಕಿಂತ ಮೇಲು. ಯಾವ ಗ್ರೇಡ್, ಎಷ್ಟು ಸೀಟು, ಜಾಸ್ತಿ ಜನ ಬಂದ್ರೆ ಯಾರು ಮೊದಲು, ಎಲ್ಲಾನೂ ಆ ಶಾಲೆಯ ಅಡ್ಮಿಷನ್ ಪಾಲಿಸಿ ಅನ್ನೋ ಪಿಡಿಎಫ್‌ನಲ್ಲಿ ಬರೆದಿಟ್ಟಿರ್ತಾರೆ. ನಾವು ಅದನ್ನ ಬಿಟ್ಟು ವಾಟ್ಸಾಪ್ ಗ್ರೂಪ್ ಓದ್ತೀವಿ. ಪಾಲಿಸಿ ಓದಿ. ಇವತ್ತು ಇದನ್ನ ಎಷ್ಟು ಸಲ ಹೇಳ್ತೀನೋ ಗೊತ್ತಿಲ್ಲ, ಬೇಜಾರು ಮಾಡ್ಕೋಬೇಡಿ.

ಇಂಗ್ಲೆಂಡಲ್ಲಿ ಗ್ರಾಮರ್ ಶಾಲೆ ಇರೋದು ಬರೀ 163. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್, ಲಿಂಕನ್‌ಶೈರ್ ಕಡೆ ದಂಡಿಯಾಗಿವೆ, ಲಂಡನ್ ಸುತ್ತ ಸಟನ್, ಕಿಂಗ್‌ಸ್ಟನ್, ಬಾರ್ನೆಟ್, ಸ್ಲೌ ಕಡೆ ಇವೆ, ಬಾಕಿ ಎಷ್ಟೋ ಕೌಂಟಿಗಳಲ್ಲಿ ಹುಡುಕಿದ್ರೂ ಒಂದಿಲ್ಲ. ಹುಡುಗರದ್ದೇ ಆದ ಕೆಲವು ಗ್ರಾಮರ್‌ಗಳು ಸಿಕ್ಸ್ತ್ ಫಾರ್ಮ್‌ಗೆ ಹುಡುಗೀರನ್ನೂ ತಗೋತವೆ, ಕಿಂಗ್‌ಸ್ಟನ್‌ನ ಟಿಫಿನ್ ಸ್ಕೂಲ್, ಆರ್ಪಿಂಗ್ಟನ್‌ನ ಸೇಂಟ್ ಒಲೇವ್ಸ್ ಹಾಗೆ. ಅಂದ್ರೆ ಹನ್ನೊಂದಕ್ಕೆ ನಿಮ್ಮ ಮಗಳಿಗೆ ಅರ್ಜಿ ಹಾಕೋಕೂ ಆಗದೆ ಇದ್ದ ಶಾಲೆ ಹದಿನಾರಕ್ಕೆ ಬನ್ನಿ ಅನ್ನುತ್ತೆ. ಇದು ಗೊತ್ತಿಲ್ದೆ ಇರೋ ಮನೆಗಳು ಇವತ್ತಿಗೂ ನನಗೆ ಸಿಗ್ತಾವೆ, ಅದೂ ಆ ಶಾಲೆಯಿಂದ ಎರಡು ಬಸ್ ಸ್ಟಾಪ್ ದೂರದಲ್ಲಿ.

ಈಗ ನಿಯಮಕ್ಕೆ ಬರ್ತೀನಿ. ಸರ್ಕಾರದ ಸ್ಕೂಲ್ ಅಡ್ಮಿಷನ್ಸ್ ಕೋಡ್ ಅಂತ ಒಂದಿದೆ, ಈಗ ಜಾರಿಲಿರೋದು 2021ರದ್ದು. ಗ್ರಾಮರ್ ಇರ್ಲಿ, ಪ್ರವೇಶ ಪರೀಕ್ಷೆ ಇಲ್ದೆ ತಗೊಳ್ಳೋ ಮಾಮೂಲಿ ಕಾಂಪ್ರಹೆನ್ಸಿವ್ ಇರ್ಲಿ, ಸರ್ಕಾರಿ ದುಡ್ಡಲ್ಲಿ ನಡೆಯೋ ಶಾಲೆ ತನ್ನ ಸಿಕ್ಸ್ತ್ ಫಾರ್ಮ್‌ಗೆ ಇಷ್ಟು ಗ್ರೇಡ್ ಬೇಕು ಅಂತ ಇಟ್ಕೊಂಡ್ರೆ, ಅದು ಒಳಗಿನ ಮಕ್ಕಳಿಗೂ ಹೊರಗಿನ ಮಕ್ಕಳಿಗೂ ಒಂದೇ ಇರ್ಬೇಕು. ನಮ್ಮ ಹುಡುಗ್ರಿಗೆ 6 ಸಾಕು, ನಿಮಗೆ 8 ಬೇಕು ಅನ್ನೋ ಹಾಗಿಲ್ಲ. ಇನ್ನೊಂದು, ಇಂಟರ್‌ವ್ಯೂ ಮಾಡಿ ಸೀಟು ಕೊಡೋ ಹಾಗಿಲ್ಲ. ಸಬ್ಜೆಕ್ಟ್ ಬಗ್ಗೆ ಮಾತಾಡೋಕೆ ಕರೀಬಹುದು, ಆ ಮಾತುಕತೆ ಮೇಲೆ ಸೀಟು ನಿರ್ಧಾರ ಆಗ್ಬಾರ್ದು. ಹೋದ ವರ್ಷ ಒಬ್ಬರು ಮಗನಿಗೆ ಬ್ಲೇಜರ್ ಹೊಲಿಸಿ, ಇಂಟರ್‌ವ್ಯೂ ಕೋಚಿಂಗಿಗೆ ದುಡ್ಡು ಕಟ್ಟಿ, ಮನೇಲಿ ಅಜ್ಜಿ ಕೈಲಿ ಪ್ರಶ್ನೆ ಕೇಳಿಸಿ ತಯಾರಿ ಮಾಡಿದ್ರು. ಅಜ್ಜಿ ತುಂಬಾ ಖಡಕ್ಕಾಗಿ ಕೇಳಿದ್ರಂತೆ. ಅಲ್ಲಿ ಹೋದ್ರೆ ಟೀಚರ್ ಕೇಳಿದ್ದು, ಜಾಗ್ರಫಿನಾ ಎಕನಾಮಿಕ್ಸಾ, ಅಷ್ಟೇ. ಪಾಲಿಸಿ ಓದಿದ್ರೆ ಆ ದುಡ್ಡು ಉಳೀತಿತ್ತು.

ಪ್ರೈವೇಟ್ ಶಾಲೆಗಳಿಗೆ ಈ ಕೋಡ್ ಅನ್ವಯಿಸಲ್ಲ. ಅವರು ತಮ್ಮದೇ ಪರೀಕ್ಷೆ ಇಡ್ತಾರೆ, ಇಂಟರ್‌ವ್ಯೂ ಮಾಡ್ತಾರೆ, ಅದೂ ಇಯರ್ ಇಲೆವೆನ್ ಶರತ್ಕಾಲದಲ್ಲೇ ಮುಗಿದುಹೋಗುತ್ತೆ, ಅಂದ್ರೆ ಈಗ ಎಚ್ಚೆತ್ಕೊಂಡ್ರೆ ಬಹಳ ಕಡೆ ತಡ ಆಯ್ತು. 2025ರ ಜನವರಿಯಿಂದ ಅವರ ಫೀಸ್ ಮೇಲೆ ಶೇಕಡ 20 ವ್ಯಾಟ್ ಬೇರೆ ಬಂದಿದೆ. ಸ್ಕಾಲರ್‌ಶಿಪ್‌ಗಳು ಇವೆ. ಈಟನ್‌ನಲ್ಲಿ ಆರ್ವೆಲ್ ಅವಾರ್ಡ್ ಅಂತ, ಸರ್ಕಾರಿ ಶಾಲೆಲಿ ಓದಿದ ಹುಡುಗರಿಗೆ ಅಂತಲೇ, ಸಿಕ್ಸ್ತ್ ಫಾರ್ಮ್‌ಗೆ ಕೊಡ್ತಾರೆ. ನಮ್ಮೋರು ಅರ್ಜಿನೇ ಹಾಕಲ್ಲ, ಅದು ನಮಗಲ್ಲ ಅನ್ಕೊಂಡುಬಿಡ್ತಾರೆ.

ಮೂರನೇ ಥರದ್ದು ಹದಿನಾರಿಂದ ಹತ್ತೊಂಬತ್ತರವರಿಗೆ ಅಂತಲೇ ಇರೋ ಸ್ಥಳಗಳು. ಕಾಂಪಿಟೇಷನ್ ಜೋರು, ಆದ್ರೆ ಫೀಸಿಲ್ಲ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ 2014ರಲ್ಲಿ ಶುರುವಾದ ಹ್ಯಾರಿಸ್ ವೆಸ್ಟ್‌ಮಿನ್‌ಸ್ಟರ್, ಪರೀಕ್ಷೆ ಮತ್ತೆ ಇಂಟರ್‌ವ್ಯೂ ಎರಡೂ ಇದೆ. ಅದೇ ವರ್ಷ ಶುರುವಾದ ಕಿಂಗ್ಸ್ ಕಾಲೇಜ್ ಲಂಡನ್‌ನ ಮ್ಯಾಥಮ್ಯಾಟಿಕ್ಸ್ ಸ್ಕೂಲ್, ಗಣಿತದ ಹುಚ್ಚಿರೋ ಮಕ್ಕಳಿಗೆ. 2023ರಲ್ಲಿ ವುಡ್ ಗ್ರೀನ್‌ನಲ್ಲಿ ಇಂಪೀರಿಯಲ್ ಕಾಲೇಜಿನವರದ್ದೂ ಅಂಥದ್ದೇ ಒಂದು ಮ್ಯಾಥ್ಸ್ ಸ್ಕೂಲ್ ಬಂತು. ಇಲ್ಲಿ ಇಂಟರ್‌ವ್ಯೂ ಅಂದ್ರೆ ನಿಜವಾದ ಇಂಟರ್‌ವ್ಯೂ, ಇವರ ನಿಯಮವೇ ಬೇರೆ. ಅದಕ್ಕೇ ಒಂದು ಕಡೆ ಕೇಳಿದ್ದನ್ನ ಇನ್ನೊಂದು ಕಡೆ ಅಂಟಿಸ್ಬೇಡಿ, ಆಯಾ ಕಡೆಯ ಪಾಲಿಸಿ ಓದಿ.

ಒಂದು ಮನೆ ವಿಷಯ ಹೇಳ್ತೀನಿ, ಹೆಸರು ಹೇಳಲ್ಲ. ದಾವಣಗೆರೆ ಕಡೆಯವರು, ಅಪ್ಪ ಸಾಫ್ಟ್‌ವೇರ್, ಅಮ್ಮ ಆಸ್ಪತ್ರೆಲಿ ಫಾರ್ಮಸಿಸ್ಟ್. ಹುಡುಗ ಹತ್ತಿರದ ಕಾಂಪ್ರಹೆನ್ಸಿವ್‌ನಲ್ಲಿದ್ದ, ಇಲೆವೆನ್ ಪ್ಲಸ್ ಸ್ವಲ್ಪದರಲ್ಲಿ ಹೋಗಿತ್ತು. ಇಯರ್ ಇಲೆವೆನ್ ನವೆಂಬರ್ ಮಾಕ್ಸ್, ಅಂದ್ರೆ ಶಾಲೆಯೊಳಗಿನ ತಾಲೀಮು ಪರೀಕ್ಷೆ, ಹೊತ್ತಿಗೆ ಜ್ವರ ಬಂದು ಮ್ಯಾಥ್ಸ್ ಎರಡನೇ ಪೇಪರ್ ಅರ್ಧ ಬರೆದು ಎದ್ದು ಬಂದ. ಶಾಲೆಯವರು ಪ್ರೆಡಿಕ್ಟೆಡ್ ಗ್ರೇಡ್, ಅಂದ್ರೆ ಇಷ್ಟು ಬರಬಹುದು ಅನ್ನೋ ಅಂದಾಜು, 7 ಕೊಟ್ರು. ಗ್ರಾಮರ್‌ನಲ್ಲಿ ಫರ್ದರ್ ಮ್ಯಾಥ್ಸ್‌ಗೆ, ಅಂದ್ರೆ ಮ್ಯಾಥ್ಸ್ ಜೊತೆ ಇನ್ನೂ ಮೇಲ್ಮಟ್ಟದ ಮ್ಯಾಥ್ಸ್‌ಗೆ, 8 ಬೇಕು. ಆ ತಾಯಿ ನನಗೆ ಫೋನ್ ಮಾಡಿ, ಅಕ್ಕಾ, 7 ಅಂತ ಬರೆದಾಗಿದೆಯಲ್ಲ, ಅರ್ಜಿ ಹಾಕಿ ಮರ್ಯಾದೆ ಯಾಕೆ ಕಳ್ಕೋಬೇಕು ಅಂದ್ಳು. ನೋಡಿ, ಮರ್ಯಾದೆ! ಅರ್ಜಿ ಹಾಕೋಕೆ ದುಡ್ಡಿಲ್ಲ, ಎಷ್ಟು ಶಾಲೆಗೆ ಬೇಕಾದ್ರೂ ಹಾಕಬಹುದು, ಸೆಕೆಂಡರಿಗೆ ಕೌಂಸಿಲ್ ಮೂಲಕ ಆರು ಹೆಸರು ಬರೆದು ಕೊಟ್ಟ ಹಾಗಲ್ಲ, ಇದು ನೇರ ಶಾಲೆಗೇ. ನಾನು ಪಿಡಿಎಫ್ ತೆಗೆದು ಫೋನಲ್ಲೇ ಓದಿ ಹೇಳ್ದೆ. ಆಫರ್ ಕಂಡಿಷನಲ್ ಆಗಿರುತ್ತೆ, ಕೊನೆಗೆ ಲೆಕ್ಕಕ್ಕೆ ಬರೋದು ಆಗಸ್ಟ್‌ನಲ್ಲಿ ಕೈಗೆ ಬರೋ ಗ್ರೇಡು ಅಂತ ಅಲ್ಲೇ ಬರೆದಿತ್ತು. ಹಾಕಿದ್ರು. ಆದ್ರೆ ಹುಡುಗ ಸಂಕೋಚಕ್ಕೆ ಫರ್ದರ್ ಮ್ಯಾಥ್ಸ್ ಬಿಟ್ಟು ಮ್ಯಾಥ್ಸ್, ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್ ಮಾತ್ರ ಟಿಕ್ ಮಾಡಿದ.

ಆಗಸ್ಟ್ ಗುರುವಾರ ರಿಸಲ್ಟು. ಬೆಳಗ್ಗೆ ಒಂಬತ್ತಕ್ಕೆ ಶಾಲೆ ಹಾಲಲ್ಲಿ ಲಕೋಟೆ ಕೊಟ್ರು, ಹುಡುಗ ಒಡೆಯಲ್ಲ ಅಂತಾನೆ, ಅಪ್ಪ ನಾನು ಒಡೀತೀನಿ ಅಂತಾನೆ, ಇಬ್ರೂ ಕಾರ್ ಪಾರ್ಕಲ್ಲಿ ಜಗಳ, ತಾಯಿ ಕಿತ್ಕೊಂಡು ತೆರೆದ್ರೆ ಮ್ಯಾಥ್ಸ್ 9. ಹಾಳೆ ತಲೆಕೆಳಗೆ ಹಿಡ್ಕೊಂಡು 6 ಅಂತ ಓದ್ಬಿಟ್ಟಿದ್ಲು ಪಾಪ, ಅತ್ತೂ ಆಗಿತ್ತು, ಹುಡುಗನೇ ತಿರುಗಿಸಿ ತೋರ್ಸಿದ. ಅವರು ಸೀದಾ ಗ್ರಾಮರ್‌ಗೆ ಹೋದ್ರು. ಎನ್‌ರೋಲ್‌ಮೆಂಟ್ ಅಂದ್ರೆ ಜಿಮ್‌ನಲ್ಲಿ ಉದ್ದಕ್ಕೆ ಟೇಬಲ್ ಹಾಕಿರ್ತಾರೆ, ಒಂದೊಂದರ ಹಿಂದೆ ಒಬ್ಬೊಬ್ಬ ಟೀಚರ್, ಲ್ಯಾಪ್‌ಟಾಪು, ಮುಂದೆ ಕ್ಯೂ. ಒಂದು ಟೇಬಲ್ಲು ಬರೀ ಸಬ್ಜೆಕ್ಟ್ ಬದಲಾಯಿಸೋರಿಗೆ. ಹುಡುಗ ಅಪ್ಪನ್ನ ಬಾಗಿಲಲ್ಲೇ ನಿಲ್ಸಿ ತಾನೊಬ್ಬನೇ ಹೋಗಿ ಫರ್ದರ್ ಮ್ಯಾಥ್ಸ್ ಜಾಗ ಇದೆಯಾ ಅಂತ ಕೇಳಿದ. ಅವರು ಟೈಮ್‌ಟೇಬಲ್ ಬ್ಲಾಕ್, ಅಂದ್ರೆ ಒಂದೇ ಹೊತ್ತಿಗೆ ಪಾಠ ಆಗೋ ವಿಷಯಗಳ ಗುಂಪು, ನೋಡಿ, ಕಂಪ್ಯೂಟರ್ ಸೈನ್ಸ್ ಅದೇ ಬ್ಲಾಕಲ್ಲಿ ಬರುತ್ತೆ, ಎರಡರಲ್ಲಿ ಒಂದು ಅಂದ್ರು. ಅಪ್ಪ ಬಾಗಿಲಿಂದಲೇ ಕೈ ಬೀಸಿ ಕಂಪ್ಯೂಟರ್, ಕಂಪ್ಯೂಟರ್ ಅಂತಿದಾರೆ. ಹುಡುಗ ತಿರುಗಿ ನೋಡ್ಲಿಲ್ಲ, ಕೆಮಿಸ್ಟ್ರಿ ಇನ್ನೊಂದು ಬ್ಲಾಕಲ್ಲಿ ಸಿಗುತ್ತಾ ಅಂತ ಕೇಳಿ, ಮ್ಯಾಥ್ಸ್, ಫರ್ದರ್ ಮ್ಯಾಥ್ಸ್, ಫಿಸಿಕ್ಸ್, ಕೆಮಿಸ್ಟ್ರಿ ಅಂತ ನಾಲ್ಕು ಬರೆಸ್ಕೊಂಡು ಬಂದ. ನಾನು ಕೆಮಿಸ್ಟ್ರಿ ಪಾಠ ಮಾಡೋಳು, ನನಗೆ ಎಷ್ಟು ಖುಷಿ ಆಯ್ತು ಅಂತ ನೀವೇ ಊಹಿಸ್ಕೊಳ್ಳಿ. ಆಮೇಲೆ ಗೊತ್ತಾಯ್ತು, ಆಫರ್ ಇದ್ದ ಕೆಲವು ಮಕ್ಕಳು ತಮ್ಮ ಹಳೇ ಶಾಲೆಲೇ ಉಳ್ಕೊಂಡಿದ್ರು, ಅದಕ್ಕೇ ಜಾಗ ಇತ್ತು. ರಿಸಲ್ಟ್ ದಿನದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ವೇಟಿಂಗ್ ಲಿಸ್ಟ್ ಹೀಗೇ ಅಲ್ಲಾಡ್ತಾ ಇರುತ್ತೆ. ಆ ವಾರ ದಯವಿಟ್ಟು ಬೆಂಗಳೂರಿಗೆ ಟಿಕೆಟ್ ಬುಕ್ ಮಾಡ್ಬೇಡಿ. ಯಾರೋ ನಗ್ತಿದೀರಿ, ಮಾಡಿಟ್ಟಿದೀರಿ ಅನ್ಸುತ್ತೆ.

ಈ ಕಥೆಗೇ ಟೈಮೆಲ್ಲಾ ಹೋಯ್ತು, ಇರ್ಲಿ, ಅದ್ರಲ್ಲೇ ಅರ್ಧ ವಿಷಯ ಬಂತು. ನಾವು ದೊಡ್ಡೋರು ಮಾಡೋ ತಪ್ಪು ಏನು ಅಂದ್ರೆ, ಸಿಕ್ಸ್ತ್ ಫಾರ್ಮ್ ಅಂದ್ರೆ ಪಿಯುಸಿ ಅನ್ಕೊಳ್ಳೋದು. ನಮಗೆ ಎಸ್‌ಎಸ್‌ಎಲ್‌ಸಿ 625ಕ್ಕೆ ಇಷ್ಟು ಬಂತು, ಕಾಲೇಜ್ ನೋಟಿಸ್ ಬೋರ್ಡಲ್ಲಿ ಕಟ್‌ಆಫ್ ಹಾಕಿದ್ರು, ದಾಟಿದ್ರೆ ಪಿಸಿಎಂಬಿ, ಮುಗೀತು. ಇಲ್ಲಿ ಒಟ್ಟು ಲೆಕ್ಕ ಒಂದು ಕಡೆ, ಸಬ್ಜೆಕ್ಟ್ ಲೆಕ್ಕ ಇನ್ನೊಂದು ಕಡೆ. ಬಹಳ ಶಾಲೆಗಳು ಬೆಸ್ಟ್ 8 ಜಿಸಿಎಸ್‌ಇ ಕೂಡಿಸ್ತಾರೆ, ಎಂಟರಲ್ಲೂ 7 ಬಂದ್ರೆ 56. ಅದರ ಮೇಲೆ ಏನು ಓದ್ಬೇಕೋ ಆ ವಿಷಯದಲ್ಲಿ 7 ಅಥವಾ 8. ಅದರ ಮೇಲೆ ಇಂಗ್ಲಿಷ್‌ನಲ್ಲಿ ಕನಿಷ್ಠ ಇಷ್ಟು ಅಂತ. ಮೂರರಲ್ಲಿ ಒಂದು ತಪ್ಪಿದ್ರೂ ಇಲ್ಲ. ಮ್ಯಾಥ್ಸ್ ಸೈನ್ಸೆಲ್ಲಾ 9 ತಗೊಂಡು ಇಂಗ್ಲಿಷ್‌ನಲ್ಲಿ 5 ಬಂದು ಹೊರಗುಳಿದ ಮಕ್ಕಳನ್ನ ಕಂಡಿದೀನಿ, ಮನೇಲಿ ಇಂಗ್ಲಿಷಾ, ಅದೇನು ಮಹಾ ಅಂದಿದ್ರಂತೆ.

ಇಯರ್ ನೈನ್, ಟೆನ್ ಅಪ್ಪ ಅಮ್ಮಂದಿರು ಇದನ್ನ ಕಿವಿ ಕೊಟ್ಟು ಕೇಳಿ. ಜಿಸಿಎಸ್‌ಇ ಮ್ಯಾಥ್ಸ್‌ನಲ್ಲಿ ಫೌಂಡೇಷನ್, ಹೈಯರ್ ಅಂತ ಎರಡು ಟಿಯರ್, ಅಂದ್ರೆ ಪ್ರಶ್ನೆಪತ್ರಿಕೆಯ ಎರಡು ಮಟ್ಟ, ಇವೆ. ಫೌಂಡೇಷನ್ ಬರೆದ್ರೆ ಸಿಗೋ ಅತಿ ಹೆಚ್ಚು ಗ್ರೇಡ್ 5. ನೂರಕ್ಕೆ ನೂರು ತೆಗೆದ್ರೂ 5. ಗ್ರಾಮರ್‌ನಲ್ಲಿ ಎ ಲೆವೆಲ್ ಮ್ಯಾಥ್ಸ್ ಮಾತು ಅಲ್ಲಿಗೇ ಮುಗೀತು. ಸೈನ್ಸಲ್ಲಿ ಮೂರೂ ವಿಜ್ಞಾನ ಸೇರಿಸಿ ಓದೋ ಕಂಬೈನ್ಡ್, ಮೂರೂ ಬೇರೆ ಬೇರೆ ಓದೋ ಟ್ರಿಪಲ್ ಅಂತ ಇದೆ, ಕಂಬೈನ್ಡ್ ಮಾಡಿದ್ರೂ ಬಹಳ ಕಡೆ ತಗೋತಾರೆ, ಆದ್ರೆ ಎಷ್ಟು ಬೇಕು ಅನ್ನೋದು ಶಾಲೆಯಿಂದ ಶಾಲೆಗೆ ಬದಲಾಗುತ್ತೆ. ಪೇರೆಂಟ್ಸ್ ಈವ್ನಿಂಗಲ್ಲಿ ನಮ್ಮ ಮಗ ಹುಷಾರಾ ಅಂತ ಕೇಳ್ಬೇಡಿ, ನಾವು ಟೀಚರ್‌ಗಳು ಹೂಂ ಅಂತಲೇ ಅಂತೀವಿ. ಯಾವ ಟಿಯರ್ ಅಂತ ಕೇಳಿ.

ಸೇಂಟ್ ಒಲೇವ್ಸ್ ಅಂದೆ ಅಲ್ವಾ ಆಗ್ಲೇ. 2017ರಲ್ಲಿ ಅಲ್ಲಿ ಇಯರ್ ಟ್ವೆಲ್ವ್ ಮುಗಿಸಿದ ಕೆಲವು ಮಕ್ಕಳಿಗೆ, ನಿಮಗೆ ಬಿ ಗ್ರೇಡುಗಳು ಬಂದಿಲ್ಲ, ಇಯರ್ ಥರ್ಟೀನ್‌ಗೆ ಬರಬೇಡಿ ಅಂದುಬಿಟ್ರು. ಮನೆಯವರು ಸುಮ್ಮನಿರಲಿಲ್ಲ, ಹೈಕೋರ್ಟ್ ಮೆಟ್ಟಿಲು ಹತ್ತಿದ್ರು, ವಿಚಾರಣೆ ಆಗೋಕೆ ಮುಂಚೆನೇ ಶಾಲೆ ಆ ನಿಯಮ ಕೈಬಿಟ್ಟು ಮಕ್ಕಳನ್ನ ವಾಪಸ್ ಕರೀತು. ಒಂದ್ಸಲ ಸಿಕ್ಸ್ತ್ ಫಾರ್ಮ್‌ಗೆ ಸೇರಿಸ್ಕೊಂಡ ಮೇಲೆ ಮಾರ್ಕ್ಸ್ ಕಮ್ಮಿ ಅಂತ ನಡುವೆ ಹೊರಗೆ ಹಾಕೋ ಹಾಗಿಲ್ಲ ಅಂತ ದೇಶಕ್ಕೆಲ್ಲಾ ಗೊತ್ತಾಗಿದ್ದು ಆಗ. ನನಗೆ ಈ ವಿಷಯ ನೆನೆದ್ರೆ ಈಗ್ಲೂ ಸಿಟ್ಟು ಬರುತ್ತೆ. ಲೀಗ್ ಟೇಬಲ್ಲಲ್ಲಿ ಹೆಸರು ಮೇಲಿರ್ಲಿ ಅಂತ ಹದಿನೇಳು ವರ್ಷದ ಮಗುಗೆ ಅರ್ಧ ಎ ಲೆವೆಲ್ ಓದಿಸಿ ದಾರಿಲಿ ಇಳಿಸೋದಾ? ಆ ಮನೆಯವರು ಕೇಳಿದ್ದಕ್ಕೆ ನ್ಯಾಯ ಸಿಕ್ತು. ಕೇಳದೆ ಸುಮ್ಮನಾದೋರು ಎಷ್ಟು ಕಡೆ ಎಷ್ಟು ಜನ ಇದ್ರೋ. ನಮ್ಮಲ್ಲಿ ದೊಡ್ಡ ಶಾಲೆ ಹೇಳಿದ್ಮೇಲೆ ಎದುರಾಡೋದು ಹೇಗೆ ಅನ್ನೋ ಅಂಜಿಕೆ ಜಾಸ್ತಿ. ಹೇಳಿದ್ದು ಪಾಲಿಸಿಲಿ ಇದೆಯಾ ಅಂತ ನೋಡಿ, ಇಲ್ಲಾಂದ್ರೆ ಕೇಳಿ, ಅದು ಅವಿನಯ ಅಲ್ಲ.

ಚೀಟಿ ಬಂತು, ಐದು ನಿಮಿಷ ಅಂತ. ದೂರದ ಪ್ರಯಾಣ, ಹೊಸ ಶಾಲೆಲಿ ಗೆಳೆಯರಿಲ್ದೆ ಒದ್ದಾಡೋದು, ಇರೋ ಶಾಲೆಲೇ ಉಳಿಯೋದು ಯಾವಾಗ ಒಳ್ಳೇದು, ಇದೆಲ್ಲಾ ಬರ್ಕೊಂಡು ಬಂದಿದ್ದೆ, ಬಿಟ್ಬಿಡ್ತೀನಿ. ಇಷ್ಟು ಮಾತ್ರ, ಹಳೇ ಶಾಲೆಲಿ ಟೀಚರ್ ಚೆನ್ನಾಗಿದ್ದು, ಮಗುಗೆ ಬೇಕಾದ ವಿಷಯ ಅಲ್ಲೇ ಇದ್ರೆ, ಬರೀ ಗ್ರಾಮರ್ ಅನ್ನೋ ಹೆಸರಿಗೆ ದಿನಾ ಮೂರು ಗಂಟೆ ಟ್ರೈನಲ್ಲಿ ಕೂರಿಸ್ಬೇಡಿ.

ಕೊನೇದು, ಅಪೀಲು. ಸರ್ಕಾರಿ ಶಾಲೆ ಸಿಕ್ಸ್ತ್ ಫಾರ್ಮ್ ಸೀಟು ಇಲ್ಲ ಅಂದ್ರೆ ಸ್ವತಂತ್ರ ಅಪೀಲ್ ಪ್ಯಾನೆಲ್ ಮುಂದೆ ಹೋಗೋ ಹಕ್ಕಿದೆ, ನಿರಾಕರಣೆ ಪತ್ರದಲ್ಲೇ ಹೇಗೆ ಅಂತ ಬರೆದಿರ್ಬೇಕು. ಆ ಹಕ್ಕು ಅಪ್ಪ ಅಮ್ಮಂಗೆ ಮಾತ್ರ ಅಲ್ಲ, ಮಗುಗೂ ಇದೆ. ಅರ್ಜಿ ಹಾಕೋದೂ ಅಷ್ಟೇ, ಹದಿನಾರು ತುಂಬೋ ಮಗು ತಾನೇ ತನ್ನ ಹೆಸರಲ್ಲಿ ಹಾಕಬಹುದು. ಅದಕ್ಕೇ ಈಗ ಪ್ರಶ್ನೆ ಕೇಳೋವಾಗ ದೊಡ್ಡೋರು ಸ್ವಲ್ಪ ತಡೀರಿ, ಮಕ್ಕಳು ಮೊದಲು. ಕನ್ನಡದಲ್ಲಿ ಕೇಳಿ, ಇಂಗ್ಲಿಷಲ್ಲಿ ಕೇಳಿ, ಪರ್ವಾಗಿಲ್ಲ. ಹಿಂದಿನ ಸಾಲಲ್ಲಿ ಕೈ ಎತ್ತಿದೀಯಲ್ಲ, ಹಸಿರು ಜಾಕೆಟ್ಟು, ಹೇಳಪ್ಪ. ಅಮ್ಮಂಗೆ ಮೈಕ್ ಕೊಡ್ಬೇಡ, ನೀನೇ ಕೇಳು.