ಅಕೌಂಟೆಂಟ್ ಜನರಲ್ ಕಲಿಸಿದ ಧ್ಯಾನ

ಕೇಳುಗರಿಗೆ ನಮಸ್ಕಾರ.

ಧ್ಯಾನ ಅಂದ ಕೂಡಲೇ ನಮಗೆ ಕಾವಿ, ಗಡ್ಡ, ಆಶ್ರಮ ನೆನಪಾಗುತ್ತವೆ, ಅಲ್ವಾ? ಇವತ್ತು ಒಬ್ಬ ಸರ್ಕಾರಿ ಅಧಿಕಾರಿಯ ವಿಷಯ ಹೇಳುತ್ತೇನೆ. ಹೆಸರು ಊ ಬಾ ಖಿನ್, ಊರು ರಂಗೂನ್. 1948ರಲ್ಲಿ ಬರ್ಮಾ, ಅಂದರೆ ಇವತ್ತಿನ ಮ್ಯಾನ್ಮಾರ್, ಸ್ವತಂತ್ರವಾದಾಗ ಅಲ್ಲಿನ ಅಕೌಂಟೆಂಟ್ ಜನರಲ್, ಅಂದರೆ ಸರ್ಕಾರದ ಲೆಕ್ಕಪತ್ರ ನೋಡುವ ಹಿರಿಯ ಅಧಿಕಾರಿ, ಆದವರು. ಸಂಸಾರಿ. 1950ರಲ್ಲಿ ತಮ್ಮ ಕಚೇರಿಯ ನೌಕರರಿಗೆ ವಿಪಶ್ಯನ ಎಂಬ ಬೌದ್ಧ ಧ್ಯಾನ ಕಲಿಸಲು ಒಂದು ಸಂಘವನ್ನೇ ಕಟ್ಟಿದರು. ಹಗಲು ಲೆಕ್ಕಪತ್ರ, ಬಿಡುವಾದಾಗ ಧ್ಯಾನ.

ಇವರ ಗುರು ಸಯಾ ತೆಟ್‌ಜೀ ಕೂಡ ಭಿಕ್ಕು, ಅಂದರೆ ಬೌದ್ಧ ಸನ್ಯಾಸಿ, ಅಲ್ಲ; ಬೇಸಾಯಗಾರ. ಕಾಲರಾದಲ್ಲಿ ಮಕ್ಕಳನ್ನು ಕಳೆದುಕೊಂಡು, ನೆಮ್ಮದಿ ಹುಡುಕುತ್ತಾ ಮನೆ ಬಿಟ್ಟು ಹೊರಟವರು. ಕೊನೆಗೆ ಲೆಡಿ ಸಯಾಡೋ ಎಂಬ ಹಿರಿಯ ಭಿಕ್ಕು, ‘ನೀನೂ ಕಲಿಸಬಹುದು’ ಎಂದು ಇವರಿಗೆ ಒಪ್ಪಿಗೆ ಕೊಟ್ಟರು. ವಿಹಾರದ ಒಳಗಿದ್ದ ಭಿಕ್ಕುಗಳೇ ಸಂಸಾರಿಗಳಿಗೆ ಬಾಗಿಲು ತೆಗೆದರು ಅನ್ನಿ.

ಮಂಡಾಲೆಯಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ ಎಸ್.ಎನ್. ಗೋಯೆಂಕಾ 1955ರಲ್ಲಿ ಊ ಬಾ ಖಿನ್ ಬಳಿ ಬಂದರು. ವಿಪರೀತ ತಲೆಶೂಲೆ, ಮಾರ್ಫಿನ್ ಚುಚ್ಚಿಸಿಕೊಳ್ಳುವಷ್ಟು. ತಲೆನೋವು ಹೋಗಲಿ ಅಂತ ಬರುವುದಾದರೆ ಬೇಡವೇ ಬೇಡ ಎಂದುಬಿಟ್ಟರಂತೆ ಗುರುಗಳು! ಮುಂದೆ 1969ರಲ್ಲಿ ಈ ಧ್ಯಾನವನ್ನು ಭಾರತಕ್ಕೆ ತಂದವರು ಇದೇ ಗೋಯೆಂಕಾ. ನಾಸಿಕದ ಹತ್ತಿರ ಇಗತ್‌ಪುರಿಯಲ್ಲಿ ದೊಡ್ಡ ಕೇಂದ್ರವಿದೆ. ಬೆಂಗಳೂರಿನ ಹೊರಗೆ ಆಲೂರಿನಲ್ಲೂ ಒಂದಿದೆ.

ಮಠ ಬೇಡ, ಕಟ್ಟುಪಾಡು ಬೇಡ ಅಂತ ಬರುವವರಿಗೆ ಈ ಕೇಂದ್ರಗಳ ಹತ್ತು ದಿನದ ಶಿಬಿರದಲ್ಲಿ ಜಾಸ್ತಿ ಕಷ್ಟ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ಹತ್ತನೆಯ ದಿನದ ಬೆಳಿಗ್ಗೆಯವರೆಗೆ ಒಬ್ಬರೊಡನೊಬ್ಬರು ಮಾತಿಲ್ಲ. ಮೊಬೈಲಿಲ್ಲ, ಪುಸ್ತಕ ಪೆನ್ನು ಇಲ್ಲ. ಜಪಮಾಲೆಯನ್ನೂ ಪಕ್ಕಕ್ಕಿಡಬೇಕು. ಮೊದಲ ಮೂರು ದಿನ ಉಸಿರು ನೋಡುವುದೊಂದೇ ಕೆಲಸ. ಉಸಿರು ಬಿಗಿಹಿಡಿಯುವುದಿಲ್ಲ, ಎಣಿಸುವುದಿಲ್ಲ. ಸುಮ್ನೆ ಮೂಗಿನ ಹೊಳ್ಳೆಯ ಹತ್ತಿರ ಗಾಳಿ ಆಡುವುದನ್ನು ಗಮನಿಸುವುದು. ಎಷ್ಟು ಸುಲಭ ಅನ್ನಿಸುತ್ತದೆ! ಎರಡು ನಿಮಿಷಕ್ಕೆ ಮನಸ್ಸು ಬ್ಯಾಂಕಿಗೆ ಹೋಗಿರುತ್ತದೆ, ಯಾರೋ ಎಂದೋ ಆಡಿದ ಮಾತಿಗೆ ಉತ್ತರ ಕೊಡುತ್ತಿರುತ್ತದೆ. ನಾಲ್ಕನೆಯ ದಿನದಿಂದ ಗಮನವನ್ನು ನೆತ್ತಿಯಿಂದ ಅಂಗಾಲಿನವರೆಗೆ ಹರಿಸಬೇಕು. ಆಮೇಲೆ ಒಂದು ಗಂಟೆ ಅಲುಗಾಡದೆ ಕೂರಬೇಕು. ಮಂಡಿ ಉರಿಯುತ್ತದೆ. ಆ ಉರಿಯನ್ನು ಬೈಯದೆ ನೋಡುವುದೇ ಅಲ್ಲಿನ ಪಾಠ.

ನನಗೆ ಹಿಡಿಸಿದ್ದು ದುಡ್ಡಿನ ವ್ಯವಸ್ಥೆ. ಊಟ, ವಸತಿ ಯಾವುದಕ್ಕೂ ಶುಲ್ಕವಿಲ್ಲ. ಒಂದು ಶಿಬಿರವನ್ನಾದರೂ ಪೂರ್ತಿ ಮುಗಿಸಿದವರಿಂದ ಮಾತ್ರ ದೇಣಿಗೆ ತೆಗೆದುಕೊಳ್ಳುತ್ತಾರೆ. ಕೊಡಲೇಬೇಕೆಂದೇನೂ ಇಲ್ಲ.

ಇದು ಎಲ್ಲರಿಗೂ ಒಗ್ಗುತ್ತದೆ ಅಂತ ನಾನು ಹೇಳಲಾರೆ. ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು ಮೊದಲು ತಮ್ಮ ವೈದ್ಯರನ್ನು ಕೇಳಿ. ಅರ್ಜಿಯಲ್ಲಿ ಆರೋಗ್ಯದ ಬಗ್ಗೆ ಕೇಳಿರುತ್ತಾರೆ, ಅಲ್ಲಿ ಏನನ್ನೂ ಮುಚ್ಚಿಡಬೇಡಿ. ನಮಸ್ಕಾರ.